ಕಂಸ ಮಾಸ್ತರರಿಗೆ ಕೇಳಿಸದ ‘ಕೇಳಿತೇನ’

ಆಳಂದದಲ್ಲಿ ಶಾಂತಲಿಂಗಪ್ಪನವರ ಮನೆ ಎಲ್ಲಿ ಎಂದು ಕೇಳಿದರೆ ಜನ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಕಂಸ ಮಾಸ್ತರರ ಮನೆ ಎಂದರೆ ಬಸ್ ಸ್ಟ್ಯಾಂಡಿನ ಹಣ್ಣಿನ ಬಂಡಿಯವನೂ ಎದ್ದು ನಿಂತು ಕೈ ತೋರಿಸುತ್ತಾನೆ. ಹೆಸರು ಕೇಳಿ ಯಾರೂ ಹೆದರಬೇಕಾಗಿಲ್ಲ. ಮಾಸ್ತರರು ತಂಗಿಯ ಮಕ್ಕಳನ್ನು ಮನೆಯಲ್ಲಿಟ್ಟುಕೊಂಡು ಊಟ ಹಾಕಿ ಓದಿಸಿದವರು. ಈ ಹೆಸರು ಬಂದದ್ದು ಬೀಜಗಣಿತದಿಂದ. ಅಫಜಲಪುರ, ಜೇವರ್ಗಿ, ಕೊನೆಗೆ ಆಳಂದ ಎಂದು ಸುತ್ತಿ ಸುತ್ತಿ ಹೈಸ್ಕೂಲುಗಳಲ್ಲಿ ಗಣಿತ ಕಲಿಸಿದ ಅವರಿಗೆ ತಪ್ಪು ಉತ್ತರ ಬರೆದ ಹುಡುಗರ ಮೇಲೆ ಸಿಟ್ಟು ಬರುತ್ತಿರಲಿಲ್ಲ. ಕಂಸ ತೆರೆದು ಮುಚ್ಚದೆ ಬಿಟ್ಟವರ ಮೇಲೆ ಬರುತ್ತಿತ್ತು. “ತೆರದ ಬಾಗಲಾ ಹಾಕಬೇಕೋ ಬ್ಯಾಡೋ? ನಾಯಿ ಒಳಗ ಬಂದ್ರ ಯಾರ ಜವಾಬ್ದಾರಿ?” ಎನ್ನುತ್ತಿದ್ದರು. ಹುಡುಗರಿಗೆ ಗಣಿತ ಅಷ್ಟಾಗಿ ಬರದಿದ್ದರೂ ಪುರಾಣ ಬರುತ್ತಿತ್ತು. ಅಡ್ಡಹೆಸರು ಬಿದ್ದೇ ಬಿಟ್ಟಿತು.

ನಿವೃತ್ತಿಯಾದ ಮೇಲೆ ಮಾಸ್ತರರಿಗೆ ಅಧ್ಯಕ್ಷತೆಯ ಬಾಧೆ ಶುರುವಾಯಿತು. ಓಣಿಯ ನೀರಿನ ಸಮಿತಿಗೆ ಅವರೇ ಅಧ್ಯಕ್ಷರು, ನಿವೃತ್ತ ಶಿಕ್ಷಕರ ಸಂಘಕ್ಕೂ ಅವರೇ. ಬೆಳಗ್ಗೆ ವಾಕಿಂಗಿಗೆ ಹೋಗುವ ನಾಲ್ಕು ಜನಕ್ಕೂ ಒಂದು ಸಂಘ ಮಾಡಿ, ಅದರ ನಿಯಮಗಳನ್ನು ಬರೆದು, ಎಡಗಡೆ ನಡೆಯುವವರು ಯಾರು, ಬಲಗಡೆ ಯಾರು ಎಂದು ಗೊತ್ತುಮಾಡಿದ್ದರು. ಉಳಿದ ಮೂವರು ಹೊತ್ತು ಬದಲಿಸಿಕೊಂಡು ಸಂಜೆ ವಾಕಿಂಗ್ ಹೋಗತೊಡಗಿದರು. ಮಾಸ್ತರರು ಬೇಸರಪಡಲಿಲ್ಲ. ಒಬ್ಬರೇ ಇದ್ದರೂ ಕೋರಂ ಆಗುವಂತೆ ನಿಯಮ ತಿದ್ದಿಕೊಂಡರು.

ಅವರ ಬಾಳಿನ ಎರಡನೆಯ ಭಾಗ ಶುರುವಾದದ್ದು ಶಾಹೀನಳ ಕಂಪ್ಯೂಟರ್ ಸೆಂಟರಿನಲ್ಲಿ. ಪಿಂಚಣಿದಾರರು ವರ್ಷಕ್ಕೊಮ್ಮೆ ತಾವಿನ್ನೂ ಬದುಕಿದ್ದೇವೆ ಎಂದು ಸರಕಾರಕ್ಕೆ ತೋರಿಸಿಕೊಡಬೇಕಲ್ಲ, ಅದಕ್ಕೆ ಹೆಬ್ಬೆಟ್ಟು ಒತ್ತಲು ಹೋಗಿದ್ದರು. ಶಾಹೀನ ಅವರ ಹಳೆಯ ವಿದ್ಯಾರ್ಥಿನಿ, ಈಗ ಇಬ್ಬರು ಮಕ್ಕಳ ತಾಯಿ. ಆಕೆಯ ಪರದೆಯ ತುಂಬ ಕನ್ನಡ ಅಕ್ಷರಗಳೂ ಅವುಗಳ ನಡುವೆ ಎಲ್ಲೆಲ್ಲೂ ಮೊನಚು ಕಂಸಗಳೂ ಇದ್ದವು. ಇದೇನು ಎಂದು ಕೇಳಿದರು. ಪದ ಒಕ್ಕೂಟದ ಕೆಲಸ ಎಂದಳು ಶಾಹೀನ. ಹಳ್ಳಿಗಳಲ್ಲಿ ಹಾಡುವ ಪದಗಳನ್ನು ಧ್ವನಿಮುದ್ರಣ ಮಾಡಿಕೊಂಡು, ಬರೆದು, ಅಂತರ್ಜಾಲಕ್ಕೆ ಏರಿಸುವ ಮಂದಿಯ ಒಂದು ಒಕ್ಕೂಟವಿತ್ತು. ಬೇರೆ ಬೇರೆ ಜಿಲ್ಲೆಗಳ ಮೇಷ್ಟ್ರುಗಳು, ಉಪನ್ಯಾಸಕರು, ಹಾಡಿನ ಹುಚ್ಚಿನವರು ಸೇರಿ ಕಟ್ಟಿದ್ದು. ಬರೀ ಟೈಪು ಮಾಡಿದರೆ ಗಣಕಕ್ಕೆ ಯಾವುದು ಪಲ್ಲವಿ, ಯಾವುದು ನುಡಿ ಎಂದು ತಿಳಿಯುವುದಿಲ್ಲ. ಆದ್ದರಿಂದ ಪಲ್ಲವಿಯ ಮುಂದೆ ಕಂಸದಲ್ಲಿ ‘ಪಲ್ಲವಿ’ ಎಂದು ಗುರುತು ಹಾಕಬೇಕು, ಮುಗಿದ ಮೇಲೆ ಒಂದು ಗೀಟಿನ ಜೊತೆ ಮತ್ತೆ ‘ಪಲ್ಲವಿ’ ಎಂದು ಬರೆದು ಮುಚ್ಚಬೇಕು.

“ಮುಚ್ಚಲಿಲ್ಲಂದ್ರ?” ಎಂದರು ಮಾಸ್ತರರು, ಉಸಿರು ಬಿಗಿಹಿಡಿದು.

“ಮುಂದ ಹೋಗೂದೇ ಇಲ್ರಿ ಸರ. ಕೆಂಪಗಾಗಿ ಕುಂದರ್ತದ.”

ಮಾಸ್ತರರ ಕಣ್ಣು ತೇವವಾದವು. ಇಂಥ ಒಬ್ಬ ವಿದ್ಯಾರ್ಥಿಗಾಗಿ ಅವರು ಮೂರೂ ತಾಲೂಕು ಹುಡುಕಿದ್ದರು. ಬದುಕಿದ್ದೇನೆಂದು ತೋರಿಸಿಕೊಡಲು ಬಂದವರಿಗೆ ಯಾತಕ್ಕಾಗಿ ಎಂಬುದೂ ಅದೇ ಜಾಗದಲ್ಲಿ ಸಿಕ್ಕಿತು.

ಅಲ್ಲಿಂದ ಮುಂದೆ ಮಾಸ್ತರರು ಕಾಲಿಗೆ ಚಕ್ರ ಕಟ್ಟಿಕೊಂಡರು. ಮೊಬೈಲು, ಅದಕ್ಕೊಂದು ಇಯರ್‌ಫೋನು, ಹೆಗಲಿಗೆ ಚೀಲ. ಜಿಡಗಾದಲ್ಲಿ ಮಠದ ಭಜನೆಯವರನ್ನು ಕೂರಿಸಿಕೊಂಡು ಹಾಡಿಸಿದರು, ಇಜೇರಿಯಲ್ಲಿ ಬೀಸುವ ಪದ ಹೇಳುವ ಮುದುಕಿಯರನ್ನು ಹುಡುಕಿದರು. ಅವರಿಗೆ ಸಿಕ್ಕ ದೊಡ್ಡ ನಿಧಿ ಎಂದರೆ ಜೇವರ್ಗಿ ತಾಲೂಕಿನ ಕೊಳಕೂರಿನ ಬುರಾನುದ್ದೀನ ಸಾಹೇಬರು. ತೊಗರಿ ಬೆಳೆಯುವ ರೈತರು. ಮೊಹರಮ್ಮಿನಲ್ಲಿ ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಹಾಡುವ ರಿವಾಯತ ಪದಗಳನ್ನು ತಾವೇ ಕಟ್ಟಿ ಹಾಡುವವರು. ಮನೆಮಾತು ಉರ್ದು, ಪದ ಮಾತ್ರ ಅಚ್ಚ ಕನ್ನಡ. ಅವರು ಹಾಡಲು ಕುಳಿತರೆ ದನಗಳೂ ಮೆಲುಕು ನಿಲ್ಲಿಸುತ್ತಿದ್ದವು ಎಂದು ಮಾಸ್ತರರು ಒಂದು ಕಡೆ ಬರೆದಿದ್ದಾರೆ. ದನಗಳು ಮೆಲುಕು ನಿಲ್ಲಿಸಿದ್ದನ್ನು ಅವರು ಕಂಡಿರಲು ಸಾಧ್ಯವಿರಲಿಲ್ಲ, ಏಕೆಂದರೆ ಹಾಡು ಶುರುವಾದೊಡನೆ ಇಯರ್‌ಫೋನು ಹಾಕಿಕೊಂಡು, ಕಣ್ಣು ಮುಚ್ಚಿ, ತಲೆ ಆಡಿಸುವುದು ಅವರ ಪದ್ಧತಿ. ಹಾಡು ಮುಗಿದ ಮೇಲೆ ಕಣ್ಣು ತೆರೆದರೆ ಎದುರಿಗೆ ಬಸಿ, ಅಂದರೆ ಸಾಸರು, ಮುಚ್ಚಿದ ಒಂದು ಕಪ್ ಚಹಾ ಇರುತ್ತಿತ್ತು. ಅದು ಎಲ್ಲಿಂದ ಬಂತು, ಯಾರು ತಂದರು ಎಂದು ಮಾಸ್ತರರು ಯೋಚಿಸಿದವರಲ್ಲ. ಗಂಡಸರ ತಿಳಿವಳಿಕೆಯಲ್ಲಿ ಚಹಾ ಎಂಬುದು ತಾನಾಗಿ ಬರುತ್ತದೆ.

ಹೀಗೆ ಕೆಲವು ವರ್ಷ ನಡೆಯಿತು. ಬುರಾನುದ್ದೀನರು ಎದೆನೋವಿನಿಂದ ಒಂದು ದಿನ ಹೊಲದಲ್ಲೇ ತೀರಿಕೊಂಡಾಗ ಮಾಸ್ತರರು ಮಣ್ಣಿಗೆ ಹೋಗಿ ಬಂದು ಎರಡು ದಿನ ಯಾವ ಸಭೆಯ ಅಧ್ಯಕ್ಷತೆಯನ್ನೂ ವಹಿಸಲಿಲ್ಲ.

ಆ ಪದಗಳನ್ನೆಲ್ಲ ಬರೆದು ಗುರುತು ಹಾಕುವಾಗ ಅವರಿಗೆ ಒಂದು ಕೊರತೆ ಕಾಡಿತು. ನಮ್ಮಲ್ಲಿ ಪದ ಕಟ್ಟಿದವರು ಕೊನೆಯ ಹೊತ್ತಿಗೆ ತಮ್ಮ ಹೆಸರನ್ನೋ ತಾವು ನಂಬಿದ ದೇವರ, ಗುರುವಿನ ಹೆಸರನ್ನೋ ಒಳಗೆ ಸೇರಿಸಿ ಮುದ್ರೆ ಒತ್ತುತ್ತಾರೆ, ಅದೇ ಅಂಕಿತ. ಒಕ್ಕೂಟದ ನಿಯಮಾವಳಿಯಲ್ಲಿ ಅಂಕಿತಕ್ಕೆ ಬೇರೆಯೇ ಗುರುತು ಇತ್ತು. ಬುರಾನುದ್ದೀನರ ಪದಗಳಲ್ಲಿ ಅಂಕಿತ ಇರಲಿಲ್ಲ. ಲೀಟರೋ ಕಿಲೋವೋ ಹೇಳದೆ ಬರೆದ ಉತ್ತರದಂತೆ ಅದು ಮಾಸ್ತರರ ನಿದ್ದೆ ಕೆಡಿಸಿತು. ಮತ್ತೆ ಮತ್ತೆ ಕೇಳಿದಾಗ ಅವರಿಗೆ ಹೊಳೆದದ್ದೇ ಆ ಮಾತು. ಹೆಚ್ಚುಕಡಿಮೆ ಪ್ರತಿ ಪದದಲ್ಲೂ ಮೂರನೆಯ ನುಡಿ ಮುಗಿಯುವ ಹೊತ್ತಿಗೆ, ಅದೇ ರಾಗದಲ್ಲಿ, ಅದೇ ತಾಳಕ್ಕೆ ಸರಿಯಾಗಿ ಸಾಹೇಬರು ‘ಕೇಳಿತೇನ ಬೇ’ ಎನ್ನುತ್ತಿದ್ದರು.

ಶಾಹೀನ ಈ ಮಾತನ್ನು ‘ಇತರೆ’ ಎಂಬ ಗುರುತಿನೊಳಗೆ ಹಾಕಿದ್ದಳು. ಕೆಮ್ಮು, ಕೋಳಿಯ ಕೂಗು, ಪಕ್ಕದ ಮನೆಯ ಕುಕ್ಕರಿನ ಸೀಟಿ ಮುಂತಾದವು ಹೋಗಿ ಬೀಳುವ ಗುಂಡಿ ಅದು. ಆಕೆ ಆಳವಾಗಿ ವಿಚಾರ ಮಾಡಿ ಹಾಗೆ ಮಾಡಿದ್ದಳು ಎಂದು ಯಾರೂ ತಿಳಿಯಬಾರದು. ಮನೆಗೆ ಹೋಗುವ ಅವಸರದಲ್ಲಿ ಗೊತ್ತಾಗದ್ದನ್ನೆಲ್ಲ ಆಕೆ ಅಲ್ಲಿಗೇ ತಳ್ಳುತ್ತಿದ್ದಳು. ಮಾಸ್ತರರು ಆಕೆಯನ್ನು ಗದರಿಸಿ, ‘ಇತರೆ’ ತೆಗೆಸಿ, ‘ಅಂಕಿತ’ ಹಾಕಿಸಿದರು. ಆಮೇಲೆ ಕುಳಿತು ಒಂದು ಪ್ರಬಂಧ ಬರೆದರು. ‘ಕೇಳಿತೇನ ಬೇ: ಒಂದು ಅಪೂರ್ವ ಅಂಕಿತ’ ಎಂದು ಅದರ ಹೆಸರು. ಅದರಲ್ಲಿ ‘ಕೇಳಿತೇನ’ ಎಂಬುದು ಜೀವವು ಪರಮಾತ್ಮನಿಗೆ ಇಟ್ಟ ಮೊರೆ ಎಂದು ಸಾಧಿಸಿದ್ದರು. ‘ಬೇ’ ಎಂಬುದನ್ನು ಸಾಮಾನ್ಯರು ಹೆಂಗಸರನ್ನು ಕರೆಯುವ ಮಾತೆಂದು ತಿಳಿಯುವ ಅಪಾಯವಿದೆ. ಆದರೆ ಸಂಶೋಧಕನಾದವನು ಅಲ್ಲಿಗೆ ನಿಲ್ಲಲಾಗದು. ಉರ್ದು ಅಕ್ಷರಮಾಲೆಯಲ್ಲಿ ಅಲಿಫ್ ಆದ ಮೇಲೆ ಬರುವುದೇ ‘ಬೇ’. ಆದ್ದರಿಂದ ಒಂದಾಗಿದ್ದದ್ದು ಎರಡಾದ ಸೃಷ್ಟಿರಹಸ್ಯ ಇಲ್ಲಿ ಅಡಗಿದೆ ಎಂದು ಮುಂದುವರಿದಿದ್ದರು.

ಹೆಂಡತಿ ಹೀರಾಬಾಯಿಗೆ ಇದನ್ನು ಓದಿ ಹೇಳಿದಾಗ ಆಕೆ ಮೆಂತ್ಯೆಪಲ್ಲೆ ಸೋಸುತ್ತ, ಪಾಪ, ಹೆಂಡತಿಗೆ ಏನೋ ಕರೆದಿರಬೇಕು ಎಂದರು.

“ನಿನಗ ಇದೆಲ್ಲಾ ತಿಳಿಯೂದಿಲ್ಲ ಬೇ,” ಎಂದರು ಮಾಸ್ತರರು. ತಾವು ಈಗ ಸೃಷ್ಟಿರಹಸ್ಯವನ್ನು ನುಡಿದೆವೆಂದು ಅವರಿಗೆ ಅನಿಸಲಿಲ್ಲ.

ಪ್ರಬಂಧ ಒಕ್ಕೂಟದಲ್ಲಿ ಸುತ್ತಾಡಿತು. ಮೆಚ್ಚಿಕೊಂಡವರಲ್ಲಿ ಮೊದಲಿಗರು ಅಫಜಲಪುರದ ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕರಾಗಿದ್ದ ಸಂತೋಷಕುಮಾರ, ಒಕ್ಕೂಟದ ನಿಯಮ ಸಮಿತಿಯ ಸಂಚಾಲಕರು. ಅವರಿಗೆ ಬಹಳ ದಿನದಿಂದ ‘ಇತರೆ’ ಎಂಬ ಗುರುತಿನ ಮೇಲೆ ಕಣ್ಣಿತ್ತು. ಜನ ಸಿಕ್ಕಿದ್ದನ್ನೆಲ್ಲ ಅದರಲ್ಲಿ ಸುರಿದು ಸಂಗ್ರಹ ಕಸದ ತಿಪ್ಪೆಯಾಗಿದೆ, ಜಾಗ ಸಾಲುತ್ತಿಲ್ಲ ಎಂಬುದು ಅವರ ದೂರು. ಇಬ್ಬರೂ ಕೂಡಿ ನಿಯಮಾವಳಿಗೆ ಒಂದು ತಿದ್ದುಪಡಿ ತಂದರು. ಪದದಲ್ಲಿ ಪಲ್ಲವಿ ಇರಲಿ, ನುಡಿ ಇರಲಿ, ಅಂಕಿತ ಇರಲಿ. ‘ಇತರೆ’ ರದ್ದಾಗಲಿ. ಪಠ್ಯಕ್ಕೂ ಧ್ವನಿಗೂ ಗಂಟು ಹಾಕಿದ್ದರಿಂದ, ‘ಇತರೆ’ ಎಂದು ಗುರುತಿಸಿದ ತುಣುಕು ಧ್ವನಿಯಿಂದಲೂ ಕತ್ತರಿಸಿ ಹೋಗಲಿ. ಹಳೆಯ ಧ್ವನಿ ಅಳಿಸಿ ಹೊಸದನ್ನಷ್ಟೇ ಇಡಲಿ. ತಿದ್ದುಪಡಿಯ ಕೆಳಗೆ ಮಂಡಿಸುವವರು ಎಂದು ಇಬ್ಬರ ಹೆಸರೂ ಇತ್ತು. ಮಾಸ್ತರರ ಹೆಸರಿನ ಮುಂದೆ ಆವರಣದಲ್ಲಿ ಅಧ್ಯಕ್ಷರು ಎಂದೂ ಇತ್ತು. ಯಾವುದರ ಅಧ್ಯಕ್ಷರು ಎಂದು ಇರಲಿಲ್ಲ.

ಸಭೆಗೆ ಇನ್ನೂ ವಾರವಿತ್ತು. ಹೊಸದಾಗಿ ಒಂದು ಅಂಕಿತವನ್ನು ಒಪ್ಪಬೇಕಾದರೆ ಪದ ಕಟ್ಟಿದವರ ಮನೆಯವರನ್ನು ಒಂದು ಮಾತು ಕೇಳಬೇಕೆಂಬ ಪದ್ಧತಿ ಇದ್ದುದರಿಂದ ಮಾಸ್ತರರು ಕೊಳಕೂರಿಗೆ ಹೊರಟರು. ಪ್ರಬಂಧದ ಪ್ರತಿಯೊಂದನ್ನು ಚೀಲದಲ್ಲಿಟ್ಟುಕೊಂಡರು. ಸಾಹೇಬರ ಹೆಂಡತಿ ಕರೀಮುನ್ನಿಸಾ ಓದಿದವರಲ್ಲ, ತಾವೇ ಓದಿ ಹೇಳಿದರೆ ಎಷ್ಟು ಸಂತೋಷವಾದೀತು ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ದನಿ ಸರಿಮಾಡಿಕೊಂಡರು.

ಕರೀಮುನ್ನಿಸಾ ಅಂಗಳದಲ್ಲಿ ಚಾಪೆ ಹಾಸಿ ಕೂರಿಸಿದರು. ಸಂಜೆ ಇಳಿಯುವ ಹೊತ್ತು. ಕಟ್ಟೆಯ ಮೇಲೆ ಅವರ ಮೊಬೈಲಿನಲ್ಲಿ ಸಾಹೇಬರ ಪದ ಹಾಡುತ್ತಿತ್ತು. ಒಕ್ಕೂಟದ ಜಾಲತಾಣವನ್ನು ಸೊಸೆ ತೆರೆದು ಕೊಡುತ್ತಾಳಂತೆ, ದಿನಾ ಈ ಹೊತ್ತಿಗೆ ಒಂದಾದರೂ ಕೇಳುತ್ತಾರಂತೆ. ಮಾಸ್ತರರಿಗೆ ಹೆಮ್ಮೆಯಾಯಿತು. ಅದನ್ನು ಹಾಗೇ ಹಚ್ಚಿಡಲು ಹೇಳಿ, ಪ್ರಬಂಧ ತೆಗೆದು ಓದಲು ಶುರುಮಾಡಿದರು. ಕರೀಮುನ್ನಿಸಾ ಸೆರಗು ಸರಿಮಾಡಿಕೊಂಡು ದೇವರ ವಿಷಯ ಬಂದಾಗಲೆಲ್ಲ ತಲೆ ತಗ್ಗಿಸಿ ಕೇಳಿದರು. ಮೊಬೈಲಿನಲ್ಲಿ ಮೂರನೆಯ ನುಡಿ ಮುಗಿಯಿತು. ‘ಕೇಳಿತೇನ ಬೇ’ ಎಂದಿತು ಸಾಹೇಬರ ದನಿ.

ಕರೀಮುನ್ನಿಸಾ ಎದ್ದು ಒಳಗೆ ಹೋದರು.

ಮಾಸ್ತರರು ತಮ್ಮ ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿ ಕಾದರು. ವಿಷಯ ತುಂಬ ಆಳದ್ದು, ಹೆಣ್ಣುಮಗಳಿಗೆ ದುಃಖ ತಡೆಯಲಾಗಲಿಲ್ಲ ಎಂದುಕೊಂಡರು. ಹಾಡು ಮುಗಿಯುವ ಹೊತ್ತಿಗೆ ಸರಿಯಾಗಿ ಕರೀಮುನ್ನಿಸಾ ಹೊರಗೆ ಬಂದು ಬಸಿ ಮುಚ್ಚಿದ ಒಂದು ಕಪ್ ಚಹಾ ಎದುರಿಗಿಟ್ಟರು. ಇಯರ್‌ಫೋನು ಇಲ್ಲದ್ದರಿಂದಲೋ ಕಣ್ಣು ತೆರೆದಿದ್ದರಿಂದಲೋ ಮಾಸ್ತರರಿಗೆ ಈ ಸಲ ಚಹಾ ಬಂದದ್ದು ಕಾಣಿಸಿತು. ಅವರು ಕಪ್ಪನ್ನು ನೋಡಿದರು. ಮೊಬೈಲನ್ನು ನೋಡಿದರು. ಗಣಿತದವರು, ಎರಡು ಬಿಂದು ಸಿಕ್ಕರೆ ಗೆರೆ ಎಳೆಯದೆ ಇರಲು ಬರುವುದಿಲ್ಲ.

ಇದು ಚಹಾಕ್ಕೆ ಕರೆದದ್ದೇ ಎಂದು ಬಹಳ ಸಣ್ಣ ದನಿಯಲ್ಲಿ ಕೇಳಿದರು.

ಹೌದು ಎಂದರು ಕರೀಮುನ್ನಿಸಾ. ಮೂರನೆಯ ನುಡಿಗೆ ಅವರ ಗಂಟಲು ಒಣಗುತ್ತಿತ್ತು. ಮನೆಯಲ್ಲಿ ಮಾತೆಲ್ಲ ಉರ್ದುವಿನಲ್ಲೇ ಆದರೂ ಪದ ಹೇಳುವಾಗ ಕನ್ನಡದಲ್ಲೇ ಕರೆಯುತ್ತಿದ್ದರು, ಅದೂ ರಾಗ ಹಾಕಿ, ಪದ ಮುರಿಯಬಾರದಲ್ಲ. ಮದುವೆಯಾದಾಗಿನಿಂದ ತಮ್ಮ ಹೆಸರು ಅವರ ಬಾಯಲ್ಲಿ ಬಂದದ್ದಿಲ್ಲ, ಆ ಕಾಲದ ಯಾವ ಗಂಡಸು ಹೆಂಡತಿಯ ಹೆಸರು ಹಿಡಿದು ಕರೆದಾನು ಎಂದು ನಕ್ಕರು. ಆಮೇಲೆ, ನೀವು ಓದಿದ್ದರಲ್ಲಿ ಇದು ಯಾರನ್ನು ಕರೆದದ್ದು ಎಂದು ಬರೆದಿದ್ದೀರಿ ಎಂದು ವಿಚಾರಿಸಿದರು. ಮಾಸ್ತರರು ಮೇಲೆ ಕೈ ತೋರಿಸಿದರು.

ಕರೀಮುನ್ನಿಸಾ ಎರಡೂ ಕೈಯಿಂದ ಗಲ್ಲ ಮುಟ್ಟಿಕೊಂಡರು. “ತೋಬಾ ತೋಬಾ. ಅಲ್ಲಾಗ ಯಾರಾರ ಬೇ ಅಂತಾರೇನ್ರಿ ಸರ? ಐದ್ ಹೊತ್ತು ನಮಾಜ ಮಾಡಿದ ಮನಷ್ಯಾರೀ ಅವ್ರು. ಓದಿದ ಮಂದಿ ಏನ ತಿಳ್ಕೋತಾರ?”

ಮಾಸ್ತರರು ಪ್ರಬಂಧವನ್ನು ಮಡಚಿ ಚೀಲದಲ್ಲಿಟ್ಟರು. ಅಂಕಿತ ಎಂಬ ಗುರುತು ತೆಗೆಯಿಸುತ್ತೇನೆ ಎಂದು ಮಾತು ಕೊಟ್ಟರು. ಮಾತು ಕೊಟ್ಟ ಮೇಲೆ ಅವರಿಗೆ ನೆನಪಾಯಿತು: ಅಂಕಿತವಲ್ಲದ್ದು ಇತರೆ. ಇತರೆಯಾದದ್ದು, ತಾವೇ ತಂದ ತಿದ್ದುಪಡಿಯ ಪ್ರಕಾರ, ಕತ್ತರಿಗೆ. ಒಕ್ಕೂಟಕ್ಕೆ ಕಳಿಸಿದ ಮೇಲೆ ತಮ್ಮ ಮೊಬೈಲಿನಲ್ಲಿ ಜಾಗವಿಲ್ಲವೆಂದು ಮೂಲ ಧ್ವನಿಗಳನ್ನೆಲ್ಲ ಅಳಿಸಿದ್ದರು. ಅಳಿಸಿದ ಜಾಗದಲ್ಲಿ ಈಗ ಅವರಿಗೆ ಬಂದ ಸನ್ಮಾನಗಳ ಫೋಟೋಗಳಿದ್ದವು.

ಕರೀಮುನ್ನಿಸಾ ಇದೊಂದೂ ತಿಳಿಯದೆ ಬಾಗಿಲವರೆಗೆ ಬಂದರು.

“ನಿಮ್ಮ ಉಪಕಾರ ಮರೆಯೂದಿಲ್ರಿ ಸರ,” ಎಂದರು. “ಪದಾ ಏನು, ಊರಾಗ ನಾಕ ಮಂದಿ ಹಾಡ್ತಾರ. ಆದ್ರ ನನ್ನ ಕರದದ್ದು ನಿಮ್ಮ ಫೋನಿನ್ಯಾಗ ಅಷ್ಟೇ ಉಳದದ. ದಿನಾ ಒಮ್ಮೆರೆ ಎದ್ದು ಒಳಗ ಹೋಗ್ತೇನಿ. ನೀವು ಬಂದು ತುಂಬಿಕೊಂಡು ಹೋಗಿರದಿದ್ರ ಯಾರ ಕರೀತಿದ್ರು ನನಗ?”

ಮಾಸ್ತರರು ಜೀವಮಾನದಲ್ಲಿ ಬಹಳ ಶಾಲು ಹೊದೆಸಿಕೊಂಡಿದ್ದರು. ಈ ಉಪಕಾರದ ಮಾತಿನಷ್ಟು ಭಾರ ಯಾವುದೂ ಇರಲಿಲ್ಲ. ಜೇವರ್ಗಿಗೆ ಬಂದು ಬಸ್ಸು ಹತ್ತಿ ಕಿಟಕಿಯ ಪಕ್ಕ ಸೀಟು ಸಿಕ್ಕರೂ ಅವರು ಯಾರಿಗೂ ಕಿಟಕಿ ತೆರೆಯುವ ನಿಯಮ ಹೇಳಲಿಲ್ಲ.

ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದಾಗ ಹೀರಾಬಾಯಿ ‘ನಾ ಹೇಳಿರಲಿಲ್ಲೇನು’ ಎನ್ನಲಿಲ್ಲ. ಅದಕ್ಕಾಗಿ ಮಾಸ್ತರರು ಇವತ್ತಿಗೂ ಅವರಿಗೆ ಋಣಿ. ಶಾಹೀನ ಮಾತ್ರ ವ್ಯಾವಹಾರಿಕವಾಗಿ ನೋಡಿದಳು. ಸುಮ್ಮನಿದ್ದುಬಿಡಿ ಎಂಬುದು ಆಕೆಯ ಸಲಹೆ. ಅಂಕಿತ ಎಂದೇ ಇದ್ದರೆ ಮಾತೂ ಉಳಿಯುತ್ತದೆ, ಸರ್ ಹೆಸರೂ ಉಳಿಯುತ್ತದೆ. ಕರೀಮುನ್ನಿಸಾ ಚಾಚಿ ಏನು ಜಾಲತಾಣ ಓದುತ್ತಾರೆಯೇ, ಬರೀ ಕೇಳುತ್ತಾರೆ. ಮಾಸ್ತರರಿಗೆ ಈ ದಾರಿ ಅರ್ಧ ರಾತ್ರಿಯಷ್ಟು ಹೊತ್ತು ಚೆನ್ನಾಗಿ ಕಂಡಿತು ಎಂಬುದನ್ನು ಮುಚ್ಚಿಡುವಂತಿಲ್ಲ. ಕಂಸವೇನೋ ಎರಡೂ ಕಡೆ ಮುಚ್ಚಿದೆ, ಗಣಕ ಕೆಂಪಾಗುವುದಿಲ್ಲ. ಒಳಗಿರುವುದು ಸುಳ್ಳು, ಅಷ್ಟೇ. ತಪ್ಪು ಉತ್ತರ ಬರೆದು ಕಂಸ ಮುಚ್ಚಿದ ಹುಡುಗರನ್ನು ತಾವು ಇಷ್ಟು ವರ್ಷ ಯಾಕೆ ಕ್ಷಮಿಸುತ್ತ ಬಂದೆವು ಎಂದು ಅವರಿಗೆ ಮೊದಲ ಸಲ ಸಂಶಯ ಬಂತು.

ಸಭೆ ನಡೆದದ್ದು ಎಂದಿನಂತೆ ವೀಡಿಯೋದಲ್ಲಿ. ಪರದೆಯ ಮೇಲೆ ಸಣ್ಣ ಸಣ್ಣ ಚೌಕಗಳಲ್ಲಿ ಮಂದಿ. ಒಬ್ಬರ ಹಿಂದೆ ಪುಸ್ತಕದ ಕಪಾಟು, ಒಬ್ಬರ ಹಿಂದೆ ಒಣಗಲು ಹಾಕಿದ ಬಟ್ಟೆ, ಒಬ್ಬರು ಬರೀ ಹಣೆ. ಸಂತೋಷಕುಮಾರರು ತಿದ್ದುಪಡಿಯನ್ನು ಚೆನ್ನಾಗಿಯೇ ಮಂಡಿಸಿದರು. ಇಡೀ ಜಗತ್ತಿನಲ್ಲಿ ಪಠ್ಯಕ್ಕೆ ಗುರುತು ಹಾಕುವವರು ಶಿಸ್ತಿನ ಕಡೆಗೆ ಹೋಗುತ್ತಿದ್ದಾರೆ, ನಾವಿನ್ನೂ ಕುಕ್ಕರಿನ ಸೀಟಿ ಕಾಯುತ್ತ ಕೂತಿದ್ದೇವೆ ಎಂದರು. ಬಳಿಕ, ಸಮರ್ಥಿಸಿ ಮಾತಾಡಲು ಹಿರಿಯರಾದ ಶಾಂತಲಿಂಗಪ್ಪನವರನ್ನು ಕೇಳಿಕೊಂಡರು.

ಮಾಸ್ತರರು ಮೈಕು ಹಚ್ಚಿ, ಈ ತಿದ್ದುಪಡಿಯನ್ನು ತಾವು ವಿರೋಧಿಸುವುದಾಗಿ ಹೇಳಿದರು.

ಸಂತೋಷಕುಮಾರರಿಗೆ ನೆಟ್‌ವರ್ಕ್ ಕೈಕೊಟ್ಟಿತು ಎನಿಸಿತು. ಮತ್ತೊಮ್ಮೆ ಹೇಳಿ ಎಂದರು. ಮತ್ತೊಮ್ಮೆ ಹೇಳಿದರು. “ಅಲ್ರಿ ಸರ, ಇದನ್ನ ಬರದವರು ನೀವಽ ಅದೀರಲ್ರಿ,” ಎಂದರು ಸಂತೋಷಕುಮಾರ, ನಗಬೇಕೋ ಅಳಬೇಕೋ ತಿಳಿಯದೆ. ಹಣೆಯ ಚೌಕದವರು ಮುಖ ತೋರಿಸಲು ಕೆಳಗೆ ಸರಿದರು.

ಮಾಸ್ತರರು ಚಹಾದ ಕಥೆ ಹೇಳಿದರು. ಏನನ್ನೂ ಬಿಡಲಿಲ್ಲ. ಅಲಿಫ್, ಬೇ, ಸೃಷ್ಟಿರಹಸ್ಯ, ಎಲ್ಲ ಹೇಳಿದರು. ತಾವೇ ಕುಡಿದ ಚಹಾಗಳ ಬಗ್ಗೆ ಹೇಳುವಾಗ ಬಟ್ಟೆ ಒಣಹಾಕಿದ ಚೌಕದವರು ಮೈಕು ಮುಚ್ಚಲು ಮರೆತು ಜೋರಾಗಿ ನಕ್ಕುಬಿಟ್ಟರು. ಪ್ರಬಂಧ ವಾಪಸು ತೆಗೆದುಕೊಂಡಿದ್ದೇನೆ, ಆದರೆ ಆ ಮಾತು ಉಳಿಯಬೇಕು ಎಂದು ಮಾಸ್ತರರು ಮುಗಿಸಿದರು.

ಆಮೇಲಿನ ಚರ್ಚೆ ನಿಜವಾದ ಚರ್ಚೆ. ಸಂತೋಷಕುಮಾರರು ಬಿಡುವವರಲ್ಲ, ಬಿಡಬೇಕಾಗಿಯೂ ಇರಲಿಲ್ಲ. ಚಹಾದ ಕರೆ ಪದದ ಭಾಗವೇ? ಅಲ್ಲ. ಹಾಗಾದರೆ ಒಂದು ಮನೆಯ ಚಹಾಕ್ಕಾಗಿ ನಿಯಮ ಬಗ್ಗಿಸಿದರೆ ನಾಳೆ ಇಜೇರಿಯ ಮುದುಕಿ ಪದದ ನಡುವೆ ಸೊಸೆಗೆ ಬೈದದ್ದನ್ನೂ ಇಡಬೇಕಾಗುತ್ತದೆ, ಕುಕ್ಕರೂ ವಾಪಸು ಬರುತ್ತದೆ ಎಂದರು. ಗೆರೆ ಎಲ್ಲಿ ಎಳೆಯುತ್ತೀರಿ ಎಂದು ಕೇಳಿದರು. ಗೆರೆ ಎಳೆಯುವುದು ಮಾಸ್ತರರ ಸೀಮೆ. ಅವರು ಹೇಳಿದರು:

“ಕುಕ್ಕರ್ ಸೀಟಿ ಹೊಡದ್ರ ಅದು ಯಾರನ್ನೂ ಕರಿಯೂದಿಲ್ರಿ. ಸದ್ದು ಅಷ್ಟೇ. ಇದು ಹಂಗಲ್ಲ. ಒಬ್ರು ಕರದಾರ, ಒಬ್ರು ಎದ್ದು ಹೋಗ್ಯಾರ. ಎದ್ದು ಹೋದವರು ಇನ್ನೂ ಅದಾರ. ಸೊಸಿಗೆ ಬೈದದ್ದಿದ್ರ ಅದೂ ಇರ್ಲಿ, ಸೊಸಿ ಕೇಳ್ಯಾಳಲ್ರಿ.”

ಯಾರೋ ಒಬ್ಬರು ‘ಕರೆ’ ಎಂದೇ ಒಂದು ಗುರುತು ಮಾಡೋಣವೇ ಎಂದರು. ಹಾಡುವವರು ಹಾಡಿನ ನಡುವೆ ಮತ್ತೊಬ್ಬರಿಗೆ ಆಡಿದ ಮಾತು. ಪಠ್ಯದಲ್ಲೂ ಧ್ವನಿಯಲ್ಲೂ ಉಳಿಯಬೇಕು. ಕೆಮ್ಮು, ಕೋಳಿ, ಕುಕ್ಕರು ಹೋಗಲಿ. ಸಂತೋಷಕುಮಾರರು ಹಣೆ ಒತ್ತಿಕೊಂಡು ಯೋಚಿಸಿ, ಆಗಬಹುದು ಎಂದರು. ಒಂದು ಷರತ್ತು ಹಾಕಿದರು. ಕರೆ ಎಂದ ಮೇಲೆ ಯಾರಿಗೆ ಎಂದು ಗುರುತಿನೊಳಗೇ ಹೆಸರು ಬರೆಯಬೇಕು, ಖಾಲಿ ಬಿಡುವಂತಿಲ್ಲ. ಇಲ್ಲದಿದ್ದರೆ ಮತ್ತೆ ಅದೇ ತಿಪ್ಪೆ. ಮಾಸ್ತರರಿಗೆ ಇದು ಎಷ್ಟು ಸರಿ ಕಂಡಿತೆಂದರೆ ಸಂತೋಷಕುಮಾರರ ಮೇಲೆ ಪ್ರೀತಿಯೇ ಉಕ್ಕಿತು. ತಮ್ಮ ಪ್ರಬಂಧವನ್ನು ಬಿದ್ದೂ ಬಿದ್ದೂ ಮೆಚ್ಚಿದಾತ, ಅದು ಸುಳ್ಳೆಂದು ತಿಳಿದ ಮೇಲೂ ಒಂದು ಕೊಂಕು ಮಾತು ಆಡದೆ ಕೆಲಸದ ಮಾತಿಗೆ ಬಂದಿದ್ದರು.

ಸಭೆಯನ್ನು ಹಾಗೇ ನಿಲ್ಲಿಸಿಕೊಂಡು ಮಾಸ್ತರರು ಕೊಳಕೂರಿಗೆ ಫೋನು ಹಚ್ಚಿದರು. ಇಡೀ ಸಭೆ ಕೇಳುತ್ತಿದೆ ಎಂದು ಮೊದಲೇ ತಿಳಿಸಿ, ನಿಮ್ಮ ಹೆಸರು ಹಾಕಲೇ ಎಂದು ಕೇಳಿದರು. ಆ ಕಡೆ ತುಸು ಹೊತ್ತು ಕೋಳಿಗಳ ಸದ್ದು ಮಾತ್ರ ಬಂತು. ಅದಕ್ಕೆ ಯಾರೂ ಗುರುತು ಹಾಕಲಿಲ್ಲ.

“ಬ್ಯಾಡ್ರಿ ಸರ,” ಎಂದರು ಕರೀಮುನ್ನಿಸಾ. “ಅವ್ರ ಬಾಯಾಗ ಬರದಿದ್ದ ಹೆಸರು ಅವ್ರ ಮಾತಿನ ಬಾಜೂಕ ಯಾಕ ಹಚ್ತೀರಿ? ಅವ್ರಿಗೆ ನಾಚಿಕಿ ಬರ್ತದ.”

ಮತ್ತೆ ಏನು ಬರೆಯಲಿ, ಖಾಲಿ ಬಿಡುವಂತಿಲ್ಲವಲ್ಲ ಎಂದು ಮಾಸ್ತರರು ತೊದಲಿದರು.

“ಕೇಳಿತೇನ ಅಂದಾರ. ನನಗ ಕೇಳೇದ. ಕೇಳಿದಾಕಿ ಅಂತ ಬರೀರಿ.”

ಪರದೆಯ ಮೇಲೆ ಪುಸ್ತಕದ ಕಪಾಟಿನವರು ಕನ್ನಡಕ ತೆಗೆದು ಒರೆಸಿಕೊಂಡರು. ಮಾಸ್ತರರು ‘ಆಗ್ಲೆವ್ವಾ’ ಎಂದು ಫೋನು ಇಟ್ಟರು. ತಿದ್ದುಪಡಿ ತಿದ್ದಿದ ರೂಪದಲ್ಲಿ ಒಪ್ಪಿಗೆಯಾಯಿತು.

ಇಲ್ಲಿಗೆ ಸಭೆ ಮುಗಿಯಬಹುದಿತ್ತು. ಆದರೆ ಮಾಸ್ತರರು ಮಾಸ್ತರರೇ. ನಿಯಮಾವಳಿಯಲ್ಲಿ ಉದಾಹರಣೆಯಾಗಿ ಈ ಗುರುತನ್ನೇ ಕೊಡೋಣ ಎಂದ ಸಂತೋಷಕುಮಾರರು ಗ್ರಂಥಭಾಷೆಗೆ ತಿದ್ದಿ ‘ಕೇಳಿದಾಕೆ’ ಎಂದು ಬರೆದರು. ಮಾಸ್ತರರು ಕೈ ಎತ್ತಿದರು. ಆ ಒಂದು ಅಕ್ಷರದ ಮೇಲೆ ಅವರು ಮೂಲ ಪ್ರಶ್ನೆಗಿಂತ ಹೆಚ್ಚು ಹೊತ್ತು ವಾದಿಸಿದರು. ನಿರ್ಣಯ ಬರೆದುಕೊಳ್ಳುತ್ತಿದ್ದವರು ಊಟಕ್ಕೆ ಎದ್ದು ಹೋಗಿ ಕೈ ತೊಳೆದು ವಾಪಸು ಬಂದಾಗಲೂ ‘ಕಿ’ ನಡೆಯುತ್ತಿತ್ತು. ಕೊನೆಗೆ ಹಸಿವಿನ ಬಲದಿಂದ ‘ಕೇಳಿದಾಕಿ’ ಗೆದ್ದಿತು. ಈಗ ನಿಯಮಾವಳಿ ತೆರೆದು ‘ಕರೆ’ ಎಂಬಲ್ಲಿ ನೋಡಿದರೆ ಹೀಗಿದೆ:

<ಕರೆ ಯಾರಿಗೆ="ಕೇಳಿದಾಕಿ">ಕೇಳಿತೇನ ಬೇ</ಕರೆ>

ಬೀದರದವರೂ ಚಾಮರಾಜನಗರದವರೂ ಇದನ್ನು ನೋಡಿಯೇ ತಮ್ಮ ಪದಗಳಿಗೆ ಗುರುತು ಹಾಕುತ್ತಾರೆ. ಪ್ರಬಂಧದ ಸುದ್ದಿ ಈಗ ಯಾರೂ ಎತ್ತುವುದಿಲ್ಲ, ಮಾಸ್ತರರೊಬ್ಬರನ್ನು ಬಿಟ್ಟು. ಹೊಸದಾಗಿ ಈ ಕೆಲಸಕ್ಕೆ ಬಂದವರಿಗೆ ಅವರು ಅದನ್ನು ತಾವಾಗಿಯೇ ಓದಿ ಹೇಳಿ, ಸೃಷ್ಟಿರಹಸ್ಯ ಬಂದ ಕಡೆ ನಿಲ್ಲಿಸಿ, ನಗಲು ಅವಕಾಶ ಕೊಡುತ್ತಾರೆ. ಹಾಗೆ ನಗುವ ಸಭೆಗೂ ಅವರೇ ಅಧ್ಯಕ್ಷರು ಎಂಬುದು ಬೇರೆ ಮಾತು.

ಮುಂದಿನ ತಿಂಗಳು ಮಾಸ್ತರರು ಕೊಳಕೂರಿಗೆ ಹೋದರು. ಈ ಸಲ ಜೊತೆಗೆ ಹೀರಾಬಾಯಿಯನ್ನೂ ಕರೆದುಕೊಂಡು ಹೋಗಿದ್ದರು. ಅದೇ ಅಂಗಳ, ಅದೇ ಚಾಪೆ. ಇಬ್ಬರು ಹೆಂಗಸರೂ ಗಂಡಂದಿರ ವಿಷಯ ಎತ್ತಿಕೊಂಡು ಬಹಳ ಬೇಗ ಒಂದಾದರು. ಕಟ್ಟೆಯ ಮೇಲೆ ಮೊಬೈಲು ಹಾಡುತ್ತಿತ್ತು. ಮೊದಲ ನುಡಿ, ಎರಡನೆಯ ನುಡಿ. ಮೂರನೆಯದು ಬರುತ್ತಿದ್ದಂತೆ ಮಾತು ತಾನಾಗಿ ನಿಂತಿತು. ‘ಕೇಳಿತೇನ ಬೇ’ ಎಂದರು ಬುರಾನುದ್ದೀನ ಸಾಹೇಬರು, ರಾಗ ಎಲ್ಲೂ ಮುರಿಯದಂತೆ. ಕರೀಮುನ್ನಿಸಾ ಮೊಣಕಾಲಿಗೆ ಕೈ ಊರಿ ಎದ್ದು ಒಳಗೆ ಹೋದರು.

ಮಾಸ್ತರರು ಕಣ್ಣು ಮುಚ್ಚಲಿಲ್ಲ. ಒಳಗೆ ಸ್ಟೋವು ಹತ್ತಿದ್ದು, ಪಾತ್ರೆ ಇಟ್ಟದ್ದು, ಸಕ್ಕರೆಯ ಡಬ್ಬಿ ತೆರೆದದ್ದು ಎಲ್ಲವನ್ನೂ ಕೇಳುತ್ತ ಕುಳಿತರು. ಇಷ್ಟು ವರ್ಷ ತಾವು ಕುಡಿದದ್ದಕ್ಕೆಲ್ಲ ಒಂದು ಮಾತು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದರು. ಒಳ್ಳೆಯ ಮಾತುಗಳಿದ್ದವು, ಋಣ, ಔದಾರ್ಯ ಇತ್ಯಾದಿ. ಕರೀಮುನ್ನಿಸಾ ಹೊರಗೆ ಬಂದು ಕಪ್ಪನ್ನು ಎದುರಿಗಿಟ್ಟಾಗ, ಮೇಲೆ ಮುಚ್ಚಿದ್ದ ಬಸಿಯನ್ನು ನೋಡಿ ಅವೆಲ್ಲ ಮರೆತುಹೋದವು. ಕಂಸ ತೆರೆದವರು ಹೋಗಿ ಎರಡು ವರ್ಷವಾಗಿದೆ. ಮುಚ್ಚುವವರು ಒಂದು ದಿನವೂ ತಪ್ಪಿಸಿಲ್ಲ.

“ಚಾ ಬಂತ್ರಿ,” ಎಂದರು ಮಾಸ್ತರರು.

“ಬಂತಲ್ರಿ, ಕುಡೀರಿ ಮತ್ತ,” ಎಂದರು ಹೀರಾಬಾಯಿ. “ಆರಿ ಹೋಗ್ತದ.”